ಒಂದು ಬಿಲ್ಲೆ, ಇಪ್ಪತ್ತೆಂಟು ಕೊರಳು

ಆಸ್ಪತ್ರೆಯ ಬಟ್ಟೆ ಒಗೆಯುವ ಕಾರ್ಖಾನೆ ನಮ್ಮದು. ಹಬೆಗೆ ಮುಖ ಬೇಯುತ್ತದೆ. ಕೈ ಮೇಲೆ ಸುಟ್ಟ ಕಲೆ ಇಲ್ಲದವರು ಯಾರೂ ಇಲ್ಲ. ಇಪ್ಪತ್ತೆಂಟು ಹೆಂಗಸರಿಗೆ ಒಂದೇ ಪಾಯಿಖಾನೆ, ಒಂದೇ ಮರದ ಬಿಲ್ಲೆ. ಬಿಲ್ಲೆ ಕೊರಳಿಗೆ ಬಿದ್ದರಷ್ಟೇ ಎದ್ದು ಹೋಗಬಹುದು. ಐದು ನಿಮಿಷ ದಾಟಿದರೆ ಮೇಸ್ತ್ರಿ ಕೂಗುತ್ತಾನೆ. ಊರಿನ ರೋಗಿಗಳ ಹಾಸಿಗೆಯನ್ನೆಲ್ಲ ಬೆಳ್ಳಗೆ ಮಾಡುವ ನಮಗೆ, ಆ ಹಾಸಿಗೆ ಮೇಲೆ ಬೀಳುವ ತನಕ ಆಸ್ಪತ್ರೆ ಮೆಟ್ಟಿಲು ಹತ್ತಲು ಪುರುಸೊತ್ತಿಲ್ಲ.

ನಮ್ಮಲ್ಲಿ ಇಸ್ತ್ರಿ ಮೇಜಿನ ಹಿರಿಯಳನ್ನು ಎಲ್ಲರೂ ಇಸ್ತ್ರಿಯಕ್ಕ ಅನ್ನುತ್ತೇವೆ. ಹೋದ ವರ್ಷ ಅವಳ ತಂಗಿ ಗರ್ಭಕಂಠದ ಕ್ಯಾನ್ಸರಿನಿಂದ ತೀರಿಹೋದಳು. ಗೊತ್ತಾಗುವಷ್ಟರಲ್ಲಿ ಕೈಮೀರಿತ್ತು. ಹಾಗಾಗಿ ಅದೇ ಕ್ಯಾನ್ಸರಿನ ತಪಾಸಣೆಯ ವ್ಯಾನು ಗೇಟಿನ ಮುಂದೆ ನಿಂತ ದಿನ ಅಕ್ಕ ಮೇಸ್ತ್ರಿಯನ್ನು ನೇರವಾಗಿ ಕೇಳಿದಳು.

“ಅರ್ಧ ಗಂಟೆ ಬಿಡಿ ಸಾರ್.”

“ಆರು ಗಂಟೆಗೆ ಕೆಲಸ ಮುಗಿಸ್ಕೊಂಡು ಹೋಗಿ.”

“ವ್ಯಾನು ನಾಲ್ಕಕ್ಕೇ ಹೊರಡತ್ತೆ.”

“ಅದಕ್ಕೆ ನಾನೇನ್ ಮಾಡ್ಲಿ?”

ಊಟದ ಹೊತ್ತಿಗೆ ಅಕ್ಕ ಗೇಟಿನ ಸರಳಿನಾಚೆ ನಿಂತ ವ್ಯಾನಿನ ನರ್ಸಮ್ಮನಿಗೆ ಇದನ್ನೆಲ್ಲ ಹೇಳಿದಳು. ನರ್ಸಮ್ಮ ನಕ್ಕಳು. “ವ್ಯಾನಿಗೇ ಬರ್ಬೇಕು ಅಂತೇನಿಲ್ಲ ಕಣ್ರಮ್ಮ. ಪಾಯಿಖಾನೇಲಿ ಈ ಹತ್ತಿಕಡ್ಡೀಲಿ ಒಳಗಿಂದ ನೀವೇ ಮಾದರಿ ತೆಗೆದು ಕೊಳವೇಲಿಟ್ಟು ಕೊಡಿ. ಎರಡೇ ನಿಮಿಷ.” ಚಿತ್ರ ತೋರಿಸಿ ಬಿಡಿಸಿ ಹೇಳಿ, ಎಲ್ಲರಿಗೂ ಆಗುವಷ್ಟು ಕಡ್ಡಿ, ಕೊಳವೆ ಸರಳಿನ ಸಂದಿಯಿಂದ ಕೊಟ್ಟಳು.

ಅಂದು ಬಿಲ್ಲೆಗೆ ಬಿಡುವೇ ಸಿಗಲಿಲ್ಲ. ನಾನು ಮಾತ್ರ ಮುದುಡಿ ಕೂತಿದ್ದೆ.

“ಮೂರು ಹೆತ್ತವಳಿಗೆ ಈಗ್ಯಾಕೇ ನಾಚಿಕೆ? ಏಳು!” ಎಂದು ಅಕ್ಕ ಗದರಿದಳು. ಎದ್ದೆ.

ಮೇಸ್ತ್ರಿ ಕಣ್ಣು ಕಣ್ಣು ಬಿಟ್ಟ. “ಏನಿವತ್ತು, ಎಲ್ರಿಗೂ ಹೊಟ್ಟೆ ಕೆಟ್ಟಿದ್ಯಾ?”

“ನಿಮ್ಮ ಕ್ಯಾಂಟೀನ್ ಊಟ ಸಾರ್!” ಅಂದಳು ಒಬ್ಬಳು. ನಾವು ಹೊದಿಕೆಗಳಲ್ಲಿ ಮುಖ ಹುದುಗಿಸಿ ನಕ್ಕೆವು. ಮೂರೂಮುಕ್ಕಾಲಿಗೆ ಇಪ್ಪತ್ತೆಂಟು ಕೊಳವೆಗಳೂ ಗೇಟು ದಾಟಿದ್ದವು.

ಹದಿನೈದು ದಿನಕ್ಕೆ ನರ್ಸಮ್ಮ ಗೇಟಿಗೆ ಫಲಿತಾಂಶ ತಂದಳು. ಇಪ್ಪತ್ತೇಳು ಜನಕ್ಕೆ ಏನೂ ಇಲ್ಲ. ಈ ಕ್ಯಾನ್ಸರ್ ತರುವ ವೈರಸ್ ಇದ್ದದ್ದು ಇಸ್ತ್ರಿಯಕ್ಕನಿಗೆ.

“ಹೆದರ್ಬೇಡಿ,” ಅಂದಳು ನರ್ಸಮ್ಮ. “ಬುಧವಾರ ಆಸ್ಪತ್ರೆಗೆ ಬಂದು ತೋರಿಸ್ಕೊಳ್ಳಿ. ಏನಾದ್ರೂ ಶುರುವಾಗಿದ್ರೂ ಕ್ಯಾನ್ಸರ್ ಆಗೋ ಮುಂಚೆನೇ ತೆಗೆದುಬಿಡಬಹುದು.”

ಮೇಸ್ತ್ರಿ ಬುಧವಾರ ರಜೆ ಇಲ್ಲವೆಂದ. ನಾವು ಯಾರೂ ಮಾತಾಡಿಕೊಂಡಿರಲಿಲ್ಲ. ಆದರೂ ಯಂತ್ರಗಳು ಒಂದೊಂದಾಗಿ ನಿಂತವು. ನಾಚಿಕೆಯ ಮುದ್ದೆಯಾದ ನಾನೇ ಬಾಯಿಬಿಟ್ಟೆ: “ಹಂಗಾದ್ರೆ ಬುಧವಾರ ನಾವ್ಯಾರೂ ಬರಲ್ಲ ಸಾರ್. ಎಲ್ರೂ ಅಕ್ಕನ ಜೊತೆ ಹೋಗ್ತೀವಿ.”

ಹೊರಗೆ ಒಗೆದ ಬಟ್ಟೆಗೆ ಬಂದ ಆಸ್ಪತ್ರೆಯ ಲಾರಿ ಹಾರನ್ ಹೊಡೆಯುತ್ತಿತ್ತು. ಮೇಸ್ತ್ರಿ ಬೆವರೊರೆಸಿಕೊಂಡು ರಜೆ ಚೀಟಿ ಬರೆದ.

ಅಕ್ಕ ಅದನ್ನು ಮಡಚಿ ಕುಪ್ಪಸಕ್ಕೆ ಸಿಕ್ಕಿಸಿದಳು, ಆದರೆ ಜಾಗ ಬಿಟ್ಟು ಕದಲಲಿಲ್ಲ.

“ಪೆನ್ನು ಮುಚ್ಚಬೇಡಿ ಸಾರ್. ಈ ರೋಗ ಬರ್ದೇ ಇರೋ ಹಾಗೆ ಶುಕ್ರವಾರ ಶಾಲೆಗೆ ಹೋಗೋ ಹುಡುಗೀರಿಗೆ ಲಸಿಕೆ ಹಾಕ್ತಾರಂತೆ. ನಮ್ಮಲ್ಲಿ ಅಂಥ ಹುಡುಗೀರ ತಾಯಂದಿರು ಹನ್ನೊಂದು ಜನ ಇದ್ದೀವಿ. ಹನ್ನೊಂದು ಚೀಟಿ ಬರೀರಿ.”