ಮಣೂಕದ ಶೆಡ್ಡಿನ ಸರ್ವರ್

ತಿಕೋಟಾದ ಮಲಕಾಜಪ್ಪನವರ ಮಣೂಕದ ಶೆಡ್ಡಿನಲ್ಲಿ ಹಸೀನಾ ಎಂಟು ವರ್ಷ ನೆಲದ ಮೇಲೆ ಕೂತು ಒಣದ್ರಾಕ್ಷಿ ಆರಿಸಿದವಳು. ಆರು ತಿಂಗಳು ಬಸ್ಸಿನಲ್ಲಿ ವಿಜಯಪುರದ ಜಲನಗರಕ್ಕೆ ಓಡಾಡಿ ಕಂಪ್ಯೂಟರ್ ಕಲಿತು, ಈ ಸುಗ್ಗಿಗೆ ಕುರ್ಚಿ ಏರಿದ್ದಳು. ಹಳೆಯ ಕಂಪ್ಯೂಟರೊಂದಕ್ಕೆ ಪುಕ್ಕಟೆಯ ಲಿನಕ್ಸ್ ಹಾಕಿ ಶೆಡ್ಡಿನ ಸರ್ವರ್ ಮಾಡಿದವಳೂ ಅವಳೇ. ನಾಲ್ಕು ತಕ್ಕಡಿಗಳ ತೂಕ ಅದಕ್ಕೆ ಹೋಗಬೇಕು, ಅದು ಪ್ರತಿ ಬಾಕ್ಸಿಗೂ ಚೀಟಿ ಅಚ್ಚುಹಾಕಿ ಕೊಡಬೇಕು.

ಆದರೆ ಆ ಪುಣ್ಯಾತ್ಮ ಸರ್ವರ್ ದಿನಾ ಮುಂಜಾನೆ ಒಂಬತ್ತಕ್ಕೆ, ಹೆಂಗಸರೆಲ್ಲ ಬಾಕ್ಸು ಹಿಡಿದು ನಿಂತ ಹೊತ್ತಿಗೇ ಮುಗ್ಗರಿಸುತ್ತಿತ್ತು. ಒಂದು ಚೀಟಿ ಬರುವಷ್ಟರಲ್ಲಿ ಒಂದು ಕಪ್ ಚಹಾ ಮುಗಿಯುತ್ತಿತ್ತು. ಅರ್ಧ ತಾಸು ಕಳೆದರೆ ತಾನೇ ಸರಿಹೋಗುತ್ತಿತ್ತು. ಎಲ್ಲರೂ ಒಮ್ಮೆಲೇ ತೂಗುವುದಕ್ಕೆ ಹೀಗೆ ಎಂದಳು ಹಸೀನಾ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮಲಕಾಜಪ್ಪ ಎಲ್ಲರೆದುರಿಗೆ ಅಂದುಬಿಟ್ಟರು. ಶನಿವಾರದೊಳಗೆ ಸರಿಯಾಗದಿದ್ದರೆ ಮತ್ತೆ ಕೈಬರಹದ ಚೀಟಿ, ಹಸೀನಾ ಮತ್ತೆ ನೆಲಕ್ಕೆ. ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು.

ಬುಧವಾರ ಸಂಜೆ ಮಲಕಾಜಪ್ಪ ತಂಗಿಯ ಮಗಳ ನಿಶ್ಚಯಕ್ಕೆಂದು ಬಬಲೇಶ್ವರಕ್ಕೆ ಓಡಿದರು. ಗುರುವಾರ ಮುಂಜಾನೆ ಚೀಟಿಗಳು ಪಟಪಟ ಬಂದವು! ಹಸೀನಾ ಹಿಗ್ಗಿ ಹೀರೇಕಾಯಿಯಾದಳು. ಅಂದೇ ಮಲಕಾಜಪ್ಪ ಮರಳಿ ಬಂದರು. ಶುಕ್ರವಾರ ಮತ್ತೆ ಅದೇ ರಾಗ, ಅದೇ ಹಾಡು.

ಆಗ ಶೆಡ್ಡಿನ ಹಿರಿಯಳಾದ ಪೀರಾಂಬಿ ಹತ್ತಿರ ಬಂದಳು. "ಬುಧವಾರ ಸಾವಕಾರ್ರು ಗಡಿಬಿಡ್ಯಾಗ ಮೇನ್ ಸ್ವಿಚ್ ಆರಿಸದ ಹೋಗ್ಯಾರ ಬೇ. ರಾತ್ರೆಲ್ಲಾ ಲೈಟ್ ಉರದಾವ."

ದಿನಾ ಸಂಜೆ ಮೇನ್ ಆರಿಸಿಯೇ ಮನೆಗೆ ಹೋಗುವುದು ಮಲಕಾಜಪ್ಪನವರ ವ್ರತ. ಹಸೀನಾ ಸರ್ವರಿನ ದಿನಚರಿ ತೆಗೆದು ನೋಡಿದಳು. ಹೊಸ ಅಪ್ಡೇಟ್ ಬಂದಿದೆಯೇ ಎಂದು ಅದು ಮುಂಜಾನೆ ಆರಕ್ಕೆ ವಿಚಾರಿಸಬೇಕು. ಆರಕ್ಕೆ ಕರೆಂಟೇ ಇರದು. ಒಂಬತ್ತಕ್ಕೆ ಎಚ್ಚರವಾದೊಡನೆ ತಪ್ಪಿದ ಕೆಲಸ ನೆನಪಾಗಿ, ಚೀಟಿ ಗೀಟಿ ಬಿಟ್ಟು ಅದನ್ನೇ ಮಾಡುತ್ತ ಕೂರುತ್ತದೆ!

ಪೀರಾಂಬಿಗೆ ತಟ್ಟನೆ ತಿಳಿಯಿತು. ನಸುಕಿನ ನಮಾಜು ತಪ್ಪಿಸಿಕೊಂಡವರು ಎದ್ದಮೇಲೆ ಕಜಾ ಓದಿ ತೀರಿಸುತ್ತಾರಲ್ಲ, ಮಷೀನೂ ಕಜಾ ಓದುತ್ತಿದೆ ಎಂದಳು. ಇಡೀ ಶೆಡ್ಡು ನಕ್ಕಿತು.

ಹಾಗಾದರೆ ಆ ವಿಚಾರಣೆಯನ್ನೇ ಪೂರಾ ಬಂದ್ ಮಾಡು ಎಂದರು ಮಲಕಾಜಪ್ಪ. ಎಂಟು ವರ್ಷದಲ್ಲಿ ಅವರ ಮಾತಿಗೆ ಹಸೀನಾ ಎದುರಾಡಿದವಳಲ್ಲ.

"ಪೂರಾ ಬಂದ್ ಮಾಡಬಾರದರಿ, ಸಾವಕಾರ್ರ. ಅಪ್ಡೇಟ್ ಇರದಿದ್ರ ನೆಟ್ಟಿನ ಕಳ್ಳರು ಒಳಗ ಹೊಕ್ಕಾರು. ಹೊತ್ತಷ್ಟ ಬದಲಿ ಮಾಡತೀನಿ."

ತಪ್ಪಿದ್ದನ್ನು ಎದ್ದ ಕೂಡಲೇ ತೀರಿಸಬೇಡ, ಎಲ್ಲರೂ ರೊಟ್ಟಿಗೆ ಕೂತಾಗ, ಮಧ್ಯಾಹ್ನ ಒಂದೂವರೆಗೆ ಮಾಡು ಎಂದು ಸರ್ವರಿಗೆ ಬರೆದಿಟ್ಟಳು. ಶನಿವಾರ ಮುಂಜಾನೆ ಚೀಟಿಗಳೇ ಬಾಕ್ಸಿಗಾಗಿ ಕಾದವು.

ಹನ್ನೊಂದಕ್ಕೆ ಮಲಕಾಜಪ್ಪನವರಿಗೆ ಗೆಳೆಯನೊಬ್ಬನ ಫೋನು ಬಂತು. ಅವನ ಶೆಡ್ಡಿನಲ್ಲೂ ಇದೇ ಗೋಳಂತೆ.

"ನನಗೇನ ತಿಳೀತೈತೋ ಮಾರಾಯಾ. ಅದರಾಗ ಆಕಿ ಹೇಳಿದ್ದ ನಾ ಕೇಳತೀನಿ. ತಡಿ, ಕೊಡತೀನಿ."

ಅವರೇ ನಡೆದು ಬಂದು ಫೋನು ಚಾಚಿದರು. ಹಸೀನಾ ರೂಢಿಯಂತೆ ಎದ್ದು ನಿಲ್ಲಲು ಹೋದಳು.

"ಕುಂಡ್ರವಾ, ಕುಂತ ಮಾತಾಡು," ಎಂದರು ಮಲಕಾಜಪ್ಪ.