ಅಣ್ಣನ ಪಾಲಿಗೆ ಬಾರದ ಹೊಳೆ

ನಾರಾಯಣಪುರದಲ್ಲಿ ಕೃಷ್ಣೆಗೆ ಅಡ್ಡಲಾಗಿ ಆಣೆಕಟ್ಟು ಏಳುತ್ತಿದ್ದ ಕಾಲ. ಹುನಗುಂದ ತಾಲೂಕಿನ ಹೊಳೆದಂಡೆಯ ಹಳ್ಳಿಗಳಲ್ಲಿ ಸರ್ವೇದವರು ಓಡಾಡಿ, ನೀರು ಎಲ್ಲಿಯ ತನಕ ನಿಲ್ಲುತ್ತದೆಂದು ಗುರುತಿನ ಕಲ್ಲು ನೆಡುತ್ತಿದ್ದರು. ಅಂಥದೊಂದು ಕಲ್ಲು ಶಂಕ್ರಪ್ಪನ ಹಿತ್ತಲಿಗೂ ಬಂತು. ಬಂದು ನಿಂತದ್ದು ಅವನ ಮನೆಗೂ ತಮ್ಮ ಈರಪ್ಪನ ಮನೆಗೂ ನಡುವಿದ್ದ ಗೋಡೆಯ ನೇರಕ್ಕೆ.

ಮೊದಲು ಅದು ಒಂದೇ ಮನೆ. ಅಪ್ಪ ಸತ್ತ ಮೇಲೆ ಒಂದು ಎಮ್ಮೆಯ ಸಲುವಾಗಿ ಮಾತಿಗೆ ಮಾತು ಬೆಳೆದು, ಪಡಸಾಲೆಯಿಂದ ಅಡುಗೆಮನೆಯ ತನಕ ಮಣ್ಣಿನ ಗೋಡೆ ಎದ್ದಿತ್ತು. ಎಮ್ಮೆ ಸತ್ತು ಎಷ್ಟೋ ವರ್ಷವಾಗಿತ್ತು, ಗೋಡೆ ಮಾತ್ರ ಗಟ್ಟಿಮುಟ್ಟಾಗಿತ್ತು. ಮೇಲಿನ ಮಾಳಿಗೆ, ತೊಲೆ, ಕಂಬ ಹಾಗೇ ಉಳಿದಿದ್ದವು. ಅವನ್ನು ಪಾಲು ಮಾಡುವುದು ಹೇಗೆಂದು ಯಾರಿಗೂ ತಿಳಿದಿರಲಿಲ್ಲ.

ಸರ್ವೇ ಸಾಹೇಬ ಮೈಸೂರು ಕಡೆಯವ. ದುರ್ಬೀನಿನಲ್ಲಿ ಕಣ್ಣಿಟ್ಟು ನೋಡಿ ಶಂಕ್ರಪ್ಪನಿಗೆ ಹೇಳಿದ: "ತಮ್ಮದು ಮುಳುಗೋದಿಲ್ಲ."

"ತಮ್ಮಂದು ಮುಳುಗೂದಿಲ್ಲ? ಹಂಗಾರ ನಂದು ಮುಳುಗತೈತೇನ್ರಿ?"

"ಅಲ್ಲಪ್ಪ, ತಮ್ಮದು ಮುಳುಗೋದಿಲ್ಲ. ತಮ್ಮ ತಮ್ಮನದು ಮುಳುಗುತ್ತೆ. ತಮ್ಮ ನೆಲ ಸ್ವಲ್ಪ ಎತ್ತರ, ತಾವು ಪಾರಾದಿರಿ."

ಶಂಕ್ರಪ್ಪನ ಮುಖ ಹುಳ್ಳಗಾಯಿತು. ಅಂದರೆ ಈರಪ್ಪನಿಗೆ ಸರ್ಕಾರ ಕಟ್ಟುವ ಹೊಸ ಊರಿನಲ್ಲಿ ಜಾಗ, ಓಣಿಗೆ ಓಣಿಯೇ ಅವನ ಜೊತೆ. ತನಗೆ ಮಾತ್ರ ಹೊಸ್ತಿಲ ಮುಂದೆ ನೀರು, ಹಿಂದೆ ಬಯಲು.

"ಹೊಸ ಊರಾಗ ಇಳಕಲ್ಲ ಬಸ್ಸು ಬಾಗಲಕ್ಕ ಬರತೈತಂತ," ಎಂದು ಈರಪ್ಪ ಕಟ್ಟೆಯ ಮೇಲೆ ಕೂತು ಯಾರಿಗೋ ಹೇಳುವವನಂತೆ ಕೂಗಿ ಹೇಳಿದ.

ಶಂಕ್ರಪ್ಪನಿಗೆ ತಡೆಯಲಾಗಲಿಲ್ಲ. ಅವ್ವನಿಗೂ ಸಣ್ಣವನೇ ಹೆಚ್ಚಾಗಿದ್ದ, ಈಗ ಕೃಷ್ಣವ್ವನಿಗೂ ಸಣ್ಣವನೇ ಹೆಚ್ಚಾದನೇ? ಮರುದಿನವೇ ಬಾಗಲಕೋಟೆಗೆ ಹೋಗಿ ಕಚೇರಿಯಲ್ಲಿ ಕೈಮುಗಿದು ನಿಂತ. "ಸಾಹೇಬ್ರ, ನನ್ನ ಮನಿನೂ ಮುಳುಗಸ್ರಿ."

ಅಲ್ಲಿದ್ದ ಕಾರಕೂನ ಚಹಾದ ಬಸಿ ಕೆಳಗಿಟ್ಟ. "ಉಳಸ್ರೀ ಅಂತ ಅಳಾವ್ರನ್ನ ನೋಡೇನಿ. ಮುಳುಗಸ್ರೀ ಅನ್ನಾಂವ ನೀನ ಮೊದಲನೇದಾಂವ ನೋಡು. ಹೋಗು, ತಿರಗಿ ಅಳಿಯಾಕ ಹೇಳ್ತೇನಿ."

ಮನೆಗೆ ಬಂದು ಊಟಕ್ಕೆ ಕೂತ. ಹೆಂಡತಿ ಸಂಗವ್ವ ರೊಟ್ಟಿಯ ಮೇಲೆ ಗುರೆಳ್ಳು ಹಿಂಡಿಯ ಪುಡಿ ಹಾಕಿದಳು. "ಏನ ಅನ್ನು, ಇಂಥಾ ಹಿಂಡಿ ಆ ಮನ್ಯಾಗ ಏಳು ಜನ್ಮಕ್ಕೂ ಆಗೂದಿಲ್ಲ," ಎಂದ. ಸಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅರ್ಧ ರೊಟ್ಟಿಗೆ ಅವನಿಗೊಂದು ವಿಚಾರ ಹೊಳೆಯಿತು. ನೆಲ ಎತ್ತರವಾಗಿದ್ದರೆ ತಗ್ಗು ಮಾಡಿದರಾಯಿತಲ್ಲ! ಎದ್ದವನೇ ಗುದ್ದಲಿ ಹಿಡಿದು ಗೋಡೆಯ ಮಗ್ಗುಲಿಂದಲೇ ಅಗೆಯತೊಡಗಿದ.

"ಏನ ಮಾಡಾಕತ್ತೀರಿ?" ಸಂಗವ್ವ ಗಾಬರಿಯಾದಳು.

"ಹೊಳಿಗೆ ದಾರಿ ಮಾಡಾಕತ್ತೇನಿ."

ಗುದ್ದಲಿಯ ಸಪ್ಪಳ ಆಚೆ ಮಗ್ಗುಲಿಗೂ ಕೇಳಿಸಿತು. ಎರಡು ದಿನ ಈರಪ್ಪ ತಾಳಿಕೊಂಡ. ಮೂರನೆಯ ದಿನ ಗೋಡೆಗೆ ಬಾಯಿಟ್ಟು ಕೂಗಿದ: "ಯಣ್ಣಾ, ಅಪ್ಪ ಹೂತಿಟ್ಟ ಬಂಗಾರ ಸಿಕ್ಕರ ನನ್ನ ಪಾಲು ಮರೀಬ್ಯಾಡ!"

"ಸಿಕ್ಕರೂ ನಿನಗ ಹೇಳ್ತೇನೇನು?" ಎಂದ ಶಂಕ್ರಪ್ಪ, ಬರೀ ಹೊಟ್ಟೆ ಉರಿಸಲಿಕ್ಕೆ.

ಸಾಕು, ಈರಪ್ಪನೂ ತನ್ನ ಕಡೆಯಿಂದ ಅಗೆಯತೊಡಗಿದ. ಎರಡೂ ಕಡೆ ಬುಡ ಸಡಿಲಾದ ಗೋಡೆ ಎಷ್ಟು ಹೊತ್ತು ನಿಂತೀತು? ಅದೇ ಮಧ್ಯಾಹ್ನ ಪಡಸಾಲೆಯ ಗೋಡೆ ದೊಪ್ಪೆಂದು ಕುಸಿಯಿತು. ಧೂಳು ಅಡಗಿದಾಗ ಅಣ್ಣ ತಮ್ಮ ಇಬ್ಬರೂ ಮಣ್ಣಿನ ಗೊಂಬೆಗಳ ಹಾಗೆ ಗುದ್ದಲಿ ಹಿಡಿದು ಎದುರುಬದುರು ನಿಂತಿದ್ದರು.

ಇಬ್ಬರೂ ಹೆಂಡಂದಿರಿಗೆ ಏನಾಯಿತೋ ಎಂದು ಅಡುಗೆಮನೆಯತ್ತ ಓಡಿದರು. ಅಲ್ಲಿ ಗೋಡೆ ಇನ್ನೂ ನಿಂತಿತ್ತು, ಒಲೆಯ ಪಕ್ಕ ಒಂದು ಕಿಂಡಿಯಿತ್ತು. ಕಿಂಡಿಯೊಳಗೆ ಈಚೆಯಿಂದ ರೊಟ್ಟಿ ಹಿಡಿದ ಸಂಗವ್ವನ ಕೈ, ಆಚೆಯಿಂದ ಹಿಂಡಿಯ ಬಟ್ಟಲು ಹಿಡಿದ ಈರಪ್ಪನ ಹೆಂಡತಿ ಗುರುಸಿದ್ದವ್ವನ ಕೈ.

"ಇದು ಯಾವಾಗಿಂದ?" ಎಂದ ಶಂಕ್ರಪ್ಪ.

"ಗ್ವಾಡಿ ಹಸಿ ಇದ್ದಾಗಿಂದ," ಎಂದಳು ಸಂಗವ್ವ. "ಹಸಿ ಇದ್ದಾಗ ಕಿಂಡಿ ಕೊರಿಯೂದು ಸಸಾರ."

ಏಳು ಜನ್ಮದ ಮಾತು ನೆನಪಾಗಿ ಶಂಕ್ರಪ್ಪ ತಲೆ ತಗ್ಗಿಸಿದ.

ಎರಡು ದಿನಕ್ಕೆ ಸಾಹೇಬನ ಜೀಪು ಬಂತು. ಒಳಗೆ ಕಾಲಿಟ್ಟವನೇ ಕಣ್ಣು ಕಣ್ಣು ಬಿಟ್ಟ. "ಗೋಡೆ ಎಲ್ಲಿ?"

"ಬಿತ್ತರೀ."

ಸಾಹೇಬ ಮಾಳಿಗೆ ನೋಡಿದ, ಕಂಬ ನೋಡಿದ. "ಹಾಗಾದರೆ ಇದು ಒಂದೇ ಮನೆ. ಅರ್ಧ ಮುಳುಗೋ ಮನೆಯನ್ನ ಪೂರ್ತಿ ಮುಳುಗಡೆ ಅಂತಲೇ ಬರೀಬೇಕು."

"ಮುಳುಗಿದ್ನೆವ್ವಾ!" ಎಂದು ಶಂಕ್ರಪ್ಪ ತಲೆಗೆ ಸುತ್ತಿದ್ದ ಪಟಗ ತೆಗೆದು ಮೇಲಕ್ಕೆ ಹಾರಿಸಿದ.

"ಆದರೆ ಒಂದು ಮನೆಗೆ ಒಂದೇ ಜಾಗ," ಎಂದ ಸಾಹೇಬ.

ಪಟಗ ಕೆಳಗೆ ಬಿತ್ತು. ಅಣ್ಣ ತಮ್ಮನ ಮುಖ ನೋಡಿದ, ತಮ್ಮ ಅಣ್ಣನ ಮುಖ ನೋಡಿದ. ಗುರುಸಿದ್ದವ್ವನೇ ಮುಂದೆ ಬಂದಳು. "ಬರಕೋರಿ ಸಾಹೇಬ್ರ. ಅಡಿಗಿಮನಿ ಒಂದ ಇದ್ರ ಕೈ ಚಾಚೂದರ ತಪ್ಪತೈತಿ."

ಊರು ಬಿಡುವ ದಿನ ತೊಲೆ ಕಂಬಗಳನ್ನೆಲ್ಲ ಬಿಚ್ಚಿ ಟ್ರ್ಯಾಕ್ಟರಿಗೆ ಹೇರಿದರು. ಶಂಕ್ರಪ್ಪ ಒಮ್ಮೆ ಹೊಳೆಯ ಕಡೆ ತಿರುಗಿ ಕೈಮುಗಿದ. ತೊಲೆಗಳ ಮೇಲೆ ಈರಪ್ಪ ಸರಿದು ಅಣ್ಣನಿಗೆ ಜಾಗ ಮಾಡಿಕೊಟ್ಟ. ಹೊಸ ಮನೆಯ ಬಾಗಿಲು ಮೂಡಲಕ್ಕಿರಬೇಕೋ ರಸ್ತೆಗಿರಬೇಕೋ ಎಂದು ಇಬ್ಬರೂ ಹಾದಿಯುದ್ದಕ್ಕೂ ಕಚ್ಚಾಡಿದರು. ಹಿಂದಿನ ಚಕ್ಕಡಿಯಲ್ಲಿ ಕೂತಿದ್ದ ಹೆಂಗಸರಿಬ್ಬರು ಅದನ್ನು ಹಿಂದಿನ ದಿನವೇ ನಿಶ್ಚಯಿಸಿ, ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.