ಇನ್ನೂರ ಹದಿನೈದನೆಯ ಮೆಟ್ಟಿಲು

ಮೆಟ್ಟಿಲ ಮೇಲೆ ಕೂತವರನ್ನು ಕಂಡರೆ ಮಹದೇವುಗೆ ಮೈಯೆಲ್ಲ ಉರಿಯುತ್ತಿತ್ತು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಹದಿನೆಂಟು ನಿಮಿಷದಲ್ಲಿ ಹತ್ತುತ್ತಿದ್ದ ಗಂಡಸು. ವಾರವೆಲ್ಲ ಮನೆಮನೆ ಸುತ್ತಿ ಕರೆಂಟ್ ಮೀಟರ್ ಓದುವುದು, ಭಾನುವಾರ ಬಂತೆಂದರೆ ಚಾರಣದ ಗುಂಪು ಕಟ್ಟಿಕೊಂಡು ಯಾವುದಾದರೊಂದು ಬೆಟ್ಟಕ್ಕೆ ಹೊರಡುವುದು. ದಾರಿಯಲ್ಲಿ ಯಾರಾದರೂ ಏದುಸಿರು ಬಿಡುತ್ತ ಕೂತರೆ ಮುಗಿಯಿತು. "ಏಳ್ರೀ ಸ್ವಾಮಿ, ಮೆಟ್ಲು ಇರೋದು ಹತ್ತಕ್ಕೆ. ಕೂತ್ಕೊಳಕ್ಕೆ ಮನೇಲಿ ಸೋಫಾ ಇಲ್ವಾ?" ಎಂದು ಎಲ್ಲರೆದುರಿಗೇ ಕೇಳಿಬಿಡುತ್ತಿದ್ದ. ಎಷ್ಟು ಜನರ ಹೊಟ್ಟೆ ಉರಿಸಿದ್ದನೋ ಲೆಕ್ಕವಿಲ್ಲ.

ಕಳೆದ ವರ್ಷ ನ್ಯುಮೋನಿಯಾ ಬಂದು ಇಪ್ಪತ್ತಾರು ದಿನ ವೆಂಟಿಲೇಟರಿನಲ್ಲಿ ಮಲಗಿದ. ಡಾಕ್ಟರು ಕೈಚೆಲ್ಲಿದ ದಿನ, ಹೊರಗೆ ಬೆಂಚಿನ ಮೇಲೆ ಕೂತಿದ್ದ ಹೆಂಡತಿ ದೇವೀರಮ್ಮ ಬೆಟ್ಟದ ದಿಕ್ಕಿಗೆ ಕೈಮುಗಿದು ಹರಕೆ ಹೊತ್ತಳು. ಇವರನ್ನು ಉಳಿಸಿಕೊಡು ತಾಯಿ, ಇವರೇ ಬಂದು ನಿನ್ನ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾರೆ ಎಂದಳು. ತನ್ನ ಹೆಸರಿನಲ್ಲೇ ಹೊರಬಹುದಿತ್ತು. ಆದರೆ ಅವಳಿಗೆ ಮಂಡಿನೋವು, ಬೆಟ್ಟಕ್ಕೆ ಯಾವತ್ತೂ ಬಸ್ಸಿನಲ್ಲೇ ಹೋದವಳು. ಗಂಡನ ಕಾಲುಗಳ ಮೇಲೆ ಅವಳಿಗೆ ಅಷ್ಟು ಭರವಸೆ.

ಗಂಡ ಉಳಿದ. ಶ್ವಾಸಕೋಶ ಅರ್ಧ ಮಾತ್ರ ಉಳಿಯಿತು. ಹಿನಕಲ್‌ನ ಮನೆಯಲ್ಲಿ ಬಚ್ಚಲಿಗೆ ಹೋಗಿಬರಬೇಕಾದರೂ ಎರಡು ಕಡೆ ಗೋಡೆ ಹಿಡಿದು ನಿಲ್ಲುತ್ತಿದ್ದ. ಹರಕೆ ತೀರದೆ ಹೋದರೆ ತಾಯಿ ಕೊಟ್ಟ ಉಸಿರನ್ನು ಹಿಂದಕ್ಕೆ ತೆಗೆದುಕೊಂಡುಬಿಟ್ಟಾಳೆಂದು ದೇವೀರಮ್ಮನಿಗೆ ಒಂದೇ ಹೆದರಿಕೆ. ಮಹದೇವುಗೆ ಆ ಹೆದರಿಕೆ ಇರಲಿಲ್ಲ. ತನ್ನ ಕಾಲಿನ ಮೇಲೆ ತುದಿ ಮುಟ್ಟಿದ ದಿನ ತಾನು ಮೊದಲಿನ ಮಹದೇವು ಆಗುತ್ತೇನೆ, ಅಲ್ಲಿಯವರೆಗೆ ಇಲ್ಲ ಎಂದು ಅವನು ತೀರ್ಮಾನ ಮಾಡಿಕೊಂಡಿದ್ದ.

ದಾರಿ ತೋರಿಸಿದ್ದು ಅಗ್ರಹಾರದಲ್ಲಿದ್ದ ದೇವೀರಮ್ಮನ ಸೋದರತ್ತೆ ಪುಟ್ಟಲಿಂಗಮ್ಮ. ವ್ರತ, ಹರಕೆಗಳ ವಿಷಯದಲ್ಲಿ ಆ ಮನೆತನಕ್ಕೆಲ್ಲ ಆಕೆಯದೇ ಕೊನೆಯ ಮಾತು. "ಒಂದೇ ದಿನಕ್ಕೆ ಮುಗಿಸ್ಬೇಕು ಅಂತ ಏನಿಲ್ಲ ಕಣಮ್ಮ. ಶುಕ್ರವಾರ ಶುಕ್ರವಾರ ಆದಷ್ಟು ಹಚ್ಲಿ, ಮುಂದಿನ್ ವಾರ ಅಲ್ಲಿಂದ ಮುಂದಕ್ಕೆ. ಆದ್ರೆ ಪ್ರತಿ ಸಲಾನೂ ಬುಡದಿಂದ್ಲೇ ಹತ್ಕೊಂಡ್ ಹೋಗ್ಬೇಕು. ಬೇರೆಯವರು ಹಚ್ಚಂಗಿಲ್ಲ."

ಸುಲಭವಾಗಿ ಕಂಡಿತು. ಮೊದಲ ಶುಕ್ರವಾರ ಹನ್ನೆರಡು ಮೆಟ್ಟಿಲು, ಎರಡನೆಯ ವಾರ ಇಪ್ಪತ್ತು. ಬುಡದಲ್ಲಿ ಫ್ಲಾಸ್ಕ್ ಹಿಡಿದು ಕೂತ ದೇವೀರಮ್ಮ ಸಂಖ್ಯೆ ಕೇಳಿ ಹಿಗ್ಗುತ್ತಿದ್ದಳು. ಅವನೂ ಹಿಗ್ಗಿ, ಕಪಾಟಿನಿಂದ ಚಾರಣದ ಹಳೆಯ ಬೂಟು ತೆಗೆಸಿ ಬಿಸಿಲಿಗಿಟ್ಟ. ಆದರೆ ಇದರಲ್ಲೊಂದು ಮೋಸವಿತ್ತು, ಅದು ಅವನಿಗೆ ಹೊಳೆದದ್ದು ನೂರೈವತ್ತು ದಾಟಿದ ಮೇಲೆ. ಮುಂದೆ ಹೋದಷ್ಟೂ ಹೊಸ ಮೆಟ್ಟಿಲು ಮುಟ್ಟುವುದಕ್ಕೇ ಉಸಿರೆಲ್ಲ ಖರ್ಚಾಗುತ್ತಿತ್ತು. ಹತ್ತುವುದಾದರೂ ಹೇಗೋ ಆದೀತು, ಬಗ್ಗಿ ಹಚ್ಚುವುದು ಪ್ರಾಣಸಂಕಟ. ಬಗ್ಗಿದರೆ ಎದೆಯನ್ನು ಯಾರೋ ಹಿಂಡಿದಂತಾಗಿ ಕಣ್ಣು ಕತ್ತಲಿಡುತ್ತಿತ್ತು. ವಾರಕ್ಕೆ ಹತ್ತು, ಆಮೇಲೆ ಐದು, ಆಮೇಲೆ ಎರಡು. ಇನ್ನೂರ ಹದಿನಾಲ್ಕಕ್ಕೆ ಬಂದು ನಿಂತದ್ದು ನಿಂತೇಬಿಟ್ಟಿತು. ಆರು ವಾರ ಅಲ್ಲಿಯವರೆಗೆ ಹತ್ತಿದ, ಆರು ವಾರವೂ ಬಗ್ಗಲಾರದೆ ಇಳಿದ. ಕೆಳಗೆ ಬಂದು, "ಇವತ್ತು ನಾಲ್ಕು" ಎಂದು ಸುಳ್ಳು ಹೇಳಿದ.

ಏಳನೆಯ ಶುಕ್ರವಾರ ಇನ್ನೂರ ಹದಿನಾಲ್ಕರ ಮೇಲೆ ನಿಂತವನು ಎದುರಿನ ಮೆಟ್ಟಿಲ ಮೇಲೆ ಕುಸಿದು ಕೂತ. ಕುಂಕುಮದ ಬಟ್ಟಲು ತೊಡೆಯ ಮೇಲೆ ಹಾಗೇ ಇತ್ತು. ಜೇಬಿನಲ್ಲಿ ಫೋನು ಬಡಿದುಕೊಂಡು ಸುಮ್ಮನಾಯಿತು. ಮಾತಾಡಲು ಉಸಿರಿರಲಿಲ್ಲ, ಎತ್ತಲಿಲ್ಲ.

ಮುಕ್ಕಾಲು ಗಂಟೆಯಾದ ಮೇಲೆ ಕೆಳಗಿನಿಂದ ಯಾರೋ ಒಂದೊಂದೇ ಮೆಟ್ಟಿಲಿಗೆ ಕೈಯೂರಿಕೊಂಡು ಬರುತ್ತಿರುವುದು ಕಾಣಿಸಿತು. ದೇವೀರಮ್ಮ. ಸೆರಗಿನ ತುಂಬ ಬೇರೆಯವರ ಹರಕೆಯ ಕುಂಕುಮ ಮೆತ್ತಿಕೊಂಡಿತ್ತು.

"ಅಯ್ಯೋ, ಯಾಕ್ ಹತ್ತಿದೆ? ನಿನ್ ಮಂಡಿ ಗತಿ ಏನು?"

"ಫೋನ್ ಎತ್ತಿದ್ರೆ ನಾನ್ ಯಾಕ್ರೀ ಬತ್ತಿದ್ದೆ?" ಅವಳು ಅವನ ಪಕ್ಕದಲ್ಲಿ ಧೊಪ್ಪನೆ ಕೂತಳು. "ಎಷ್ಟಾಯ್ತು?"

"ಒಂದೂ ಇಲ್ಲ. ಆರು ವಾರದಿಂದ ಒಂದೂ ಆಗಿಲ್ಲ ಕಣೆ. ಸುಳ್ಳು ಹೇಳ್ಬುಟ್ಟೆ."

ಅವಳು ಬಟ್ಟಲಿಗೆ ಕೈ ಚಾಚಿದಳು, ಅತ್ತೆಯ ಮಾತು ನೆನಪಾಗಿ ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. "ನಂದೇ ತಪ್ಪು ಕಣ್ರೀ. ತೆವಳ್ಕೊಂಡಾದ್ರೂ ನಾನೇ ಹತ್ತೀನಿ ಅಂತ ಹೇಳ್ಬೇಕಿತ್ತು. ಏನ್ ಹೋದ್ರೂ ನಿಮ್ ಕಾಲಿನ ಶಕ್ತಿ ಹೋಗಲ್ಲ ಅಂದ್ಕಂಡ್ಬುಟ್ಟೆ."

ಮಹದೇವೂ ಹಾಗೇ ಅಂದುಕೊಂಡಿದ್ದವನು. ಹೆಂಡತಿಯನ್ನು ಹಿಡಿದೆಬ್ಬಿಸೋಣವೆಂದು ಕೈ ಕೊಟ್ಟ. ಅವಳ ಮಂಡಿ ಬಿಗಿದುಹೋಗಿತ್ತು, ಅವನ ತೋಳಿನಲ್ಲಿ ಬಲವಿರಲಿಲ್ಲ. ಇಬ್ಬರೂ ಎದ್ದಂತೆ ಮಾಡಿ ಮತ್ತೆ ಕೂತರು. ಮೇಲೆ ಎಂಟುನೂರು ಮೆಟ್ಟಿಲು, ಕೆಳಗೆ ಇನ್ನೂರು, ಯಾವುದೂ ಅವರ ಕೈಲಿ ಆಗುವಂತಿರಲಿಲ್ಲ.

ಅಷ್ಟರಲ್ಲಿ ಇಪ್ಪತ್ತರ ಹುಡುಗಿಯೊಬ್ಬಳು ಮೆಟ್ಟಿಲಿಗೆ ಕುಂಕುಮ ಹಚ್ಚುತ್ತ ಅವರ ಹತ್ತಿರ ಬಂದಳು. ಬಗ್ಗುವುದು, ಹಚ್ಚುವುದು, ಹತ್ತುವುದು, ಎಲ್ಲೂ ನಿಲ್ಲದ ಕೈಕಾಲು. ಅವನ ಪಾದಗಳ ನಡುವೆ ಇನ್ನೂರ ಹದಿನಾಲ್ಕಕ್ಕೆ ಹಚ್ಚಿದಳು. ಅವನ ತೊಡೆಯ ಪಕ್ಕ ಗೇಣುದ್ದ ಜಾಗ ಹುಡುಕಿ, ಏಳು ವಾರದಿಂದ ಅವನಿಗೆ ದಕ್ಕದ ಇನ್ನೂರ ಹದಿನೈದಕ್ಕೂ ಮೂರು ಬೆರಳಿನ ಗೆರೆ ಎಳೆದಳು.

"ಏಳಿ ಅಂಕಲ್," ಎಂದಳು ನಗುತ್ತ. "ಕೂತ್ರೆ ಹತ್ತಕ್ಕಾಗುತ್ತಾ?"

"ಹೂಂ ಕಣಮ್ಮ, ಏಳ್ತೀನಿ," ಎಂದ ಮಹದೇವು.

ಹುಡುಗಿ ತಿರುವು ದಾಟಿ ಮರೆಯಾದಳು. ಅವನು ಕೂತೇ ಇದ್ದ.